ಗೇಟ್‌ವೇ ದುಭಾಷಿ ಅಲ್ಲ, ತಲಪಾಡಿ ಬಸ್‌ಸ್ಟ್ಯಾಂಡ್

ಒಂದು ನೆಟ್‌ವರ್ಕನ್ನು ಇನ್ನೊಂದಕ್ಕೆ ಜೋಡಿಸುವ ಗೇಟ್‌ವೇ ಅಂದ್ರೆ ಎಂತ ಅಂತ ಕೇಳಿದ್ರೆ ನಮ್ಮ ಕಾಸರಗೋಡಲ್ಲಿ ಸುಮಾರು ಜನ "ಅದೊಂದು ದುಭಾಷಿ" ಅಂತ ಹೇಳಿಬಿಡ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಆಫೀಸಲ್ಲಿ ಮಲಯಾಳ ಮಾತಾಡುವ ನಮಗೆ ಆ ಹೋಲಿಕೆ ಹಿತವಾಗ್ತದೆ, ಆದ್ರೆ ತಪ್ಪು ಮಾರಾಯ್ರೆ! ದುಭಾಷಿಗೆ ಮಾತಿನ ಅರ್ಥ ಗೊತ್ತಾಗ್ಬೇಕು. ಇಂಟರ್ನೆಟ್ಟಿನ ಗೇಟ್‌ವೇಗೆ ಪ್ಯಾಕೆಟ್ (ಅಂದ್ರೆ ನಾವು ಕಳಿಸುವ ಮಾಹಿತಿಯ ಒಂದೊಂದು ತುಂಡು) ಒಳಗೆ ಫೋಟೋ ಉಂಟಾ ಪತ್ರ ಉಂಟಾ ಅಂತ ತಿಳಿಯುವ ಅಗತ್ಯವೇ ಇಲ್ಲ.

ಮಂಗಳೂರಿಂದ ಸಿಟಿ ಬಸ್ಸಲ್ಲಿ ಕೇರಳ ಗಡಿಯ ತಲಪಾಡಿಗೆ ಬಂದು ಇಳಿದು ಕಾಸರಗೋಡು ಬಸ್ ಹತ್ತುವುದನ್ನು ನೆನಪು ಮಾಡಿ. ಹಳೇ ಟಿಕೆಟ್ ಬಿಸಾಡಿದ್ರಿ, ಹೊಸದು ತಗೊಂಡ್ರಿ, ಬಸ್ಸೂ ಕಂಡಕ್ಟರೂ ಬೇರೆ, ಆದ್ರೆ ಕೈಯಲ್ಲಿದ್ದ ಚೀಲ ಅದೇ, ಹೋಗ್ಬೇಕಾದ ಮನೆಯೂ ಅದೇ. ಪ್ಯಾಕೆಟ್ಟಿಗೂ ಹಾಗೇ ಎರಡು ಕವರು. ಹೊರಗಿನದ್ದು ಆ ಒಂದು ನೆಟ್‌ವರ್ಕಿಗೆ ಮಾತ್ರ, ವೈಫೈಯದ್ದು ವೈಫೈಗೆ, ಕೇಬಲಿನದ್ದು ಕೇಬಲಿಗೆ. ಗೇಟ್‌ವೇ ಅದನ್ನು ಹರಿದು ಬಿಸಾಡಿ, ಒಳಗಿನ ಕವರಿನ ಐಪಿ ವಿಳಾಸ (ಕೊನೆಗೆ ಮುಟ್ಟಬೇಕಾದ ಕಂಪ್ಯೂಟರಿನ ನಂಬರು) ನೋಡಿ, ಮುಂದಿನ ನೆಟ್‌ವರ್ಕಿನ ಕವರು ಹಾಕಿ ಕಳಿಸ್ತದೆ. ದಾರಿ ಪೂರ್ತಿ ಅದಕ್ಕೂ ಗೊತ್ತಿಲ್ಲ, "ಆ ಬಸ್ ಹತ್ತಿ" ಅಂತ ಹೇಳುವಷ್ಟೇ ಗೊತ್ತು.

ಇದನ್ನು ಯೋಚಿಸಿದವರು ಅಮೆರಿಕದ ಕಂಪ್ಯೂಟರ್ ತಜ್ಞರಾದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್, ಅವರ ಪ್ರಬಂಧ ಬಂದದ್ದು 1974ರಲ್ಲಿ. ಆಗ ಅಮೆರಿಕದ ಅರ್ಪಾನೆಟ್ ಅನ್ನುವ ನೆಟ್‌ವರ್ಕ್ ತಂತಿಯಲ್ಲಿ, ಇನ್ನೊಂದು ನೆಟ್‌ವರ್ಕ್ ರೇಡಿಯೋದಲ್ಲಿ, ಮತ್ತೊಂದು ಉಪಗ್ರಹದಲ್ಲಿ, ಒಂದರ ಪ್ಯಾಕೆಟ್ಟಿನ ಅಳತೆ ಇನ್ನೊಂದಕ್ಕೆ ಹೊಂದ್ತಾ ಇರ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಎಲ್ಲವನ್ನೂ ಒಂದೇ ಥರ ಮಾಡಿ ಅಂತಿದ್ರು. ಇವರು ಯಾವುದನ್ನೂ ಮುಟ್ಲಿಲ್ಲ, ಎರಡರ ನಡುವೆ ಒಂದು ಕಂಪ್ಯೂಟರ್ ಕೂರಿಸಿ ಅದಕ್ಕೆ ಗೇಟ್‌ವೇ ಅಂದ್ರು. ನನಗೆ ಇವತ್ತಿಗೂ ಮೈ ಜುಮ್ಮೆನ್ನುವುದು ಇಲ್ಲೇ! 1977 ನವೆಂಬರ್ 22ರಂದು ಕ್ಯಾಲಿಫೋರ್ನಿಯಾದಲ್ಲಿ ಓಡುತ್ತಿದ್ದ ಒಂದು ವ್ಯಾನಿನಿಂದ ಹೊರಟ ಪ್ಯಾಕೆಟ್ಟುಗಳು ಈ ಮೂರೂ ನೆಟ್‌ವರ್ಕ್ ದಾಟಿ ಯುರೋಪಿಗೆ ಹೋಗಿ ವಾಪಸ್ ಅಮೆರಿಕಕ್ಕೆ ಬಂದವು. ಅವರು ಗೇಟ್‌ವೇ ಅಂದ ಆ ಪೆಟ್ಟಿಗೆಗೆ ಈಗ ರೂಟರ್ ಅಂತೇವೆ.

ಗೇಟ್‌ವೇಗಳನ್ನು ನೀವೇ ನೋಡಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಟ್ರೇಸರ್ಟ್ (tracert) ಅಂತ ಬರೆದು, ಮುಂದೆ ಯಾವುದಾದ್ರೂ ವೆಬ್‌ಸೈಟಿನ ಹೆಸರು ಕೊಡಿ. ಪ್ರತಿ ಪ್ಯಾಕೆಟ್ಟಿನ ಮೇಲೆ ಒಂದು ಎಣಿಕೆ ಇರ್ತದೆ, ಹೆಚ್ಚೆಂದ್ರೆ 255, ಒಂದೊಂದು ಗೇಟ್‌ವೇ ದಾಟುವಾಗ ಒಂದೊಂದು ಕಮ್ಮಿ. ಟ್ರೇಸರ್ಟ್ ಬೇಕಂತಲೇ 1 ಬರೆದು ಕಳಿಸ್ತದೆ, ಮೊದಲ ಗೇಟ್‌ವೇಯಲ್ಲೇ ಅದು ಸೊನ್ನೆ ಆಗಿ, ಅಲ್ಲಿಂದ "ಇದು ಇಲ್ಲೇ ಮುಗೀತು" ಅಂತ ಉತ್ತರ ಬರ್ತದೆ, ಆಮೇಲೆ 2, ಆಮೇಲೆ 3. ನಮ್ಮ ಮನೆಯಲ್ಲಿ ಮೊದಲ ಸಾಲಿಗೆ ಬರುವುದು 192.168.1.1, ಅಂದ್ರೆ ಟಿವಿ ಪಕ್ಕ ಮಿನುಗುವ ಆ ಪೆಟ್ಟಿಗೆ.