ರೋಗ ತಂದ ಶಿಲೀಂಧ್ರ ಯಾವುದು? ಚುಕ್ಕೆಯ ಅಂಚಿನಿಂದ ಶುರು ಮಾಡಿ

ಎಲೆ ಮೇಲೆ ಬೂಷ್ಟು ಕಂಡ ಕೂಡಲೇ ಅದೇ ರೋಗಕ್ಕೆ ಕಾರಣ ಅಂತ ಬರೆದುಬಿಡಬೇಡಿ. ಸತ್ತ ಭಾಗದ ಮೇಲೆ ಆಮೇಲೆ ಬಂದು ಕೂರುವ ಶಿಲೀಂಧ್ರಗಳೇ ಜಾಸ್ತಿ. ನಾನು ಮೊದಲ ಸಲ ಚುಕ್ಕೆಯ ನಡುವಿನ ಒಣಗಿದ ಭಾಗವನ್ನೇ ಕತ್ತರಿಸಿ ಪ್ಲೇಟಿಗೆ ಹಾಕಿದ್ದೆ. ಮೂರೇ ದಿನಕ್ಕೆ ರೈಜೋಪಸ್ ಅನ್ನೋ ವೇಗವಾಗಿ ಬೆಳೆಯುವ ಬೂಷ್ಟು ಮುಚ್ಚಳದವರೆಗೂ ತುಂಬಿಕೊಂಡಿತ್ತು, ಹುಡುಕುತ್ತಿದ್ದದ್ದು ಅದರಡಿ ಎಲ್ಲಿ ಹೋಯ್ತೋ ಗೊತ್ತೇ ಆಗಲಿಲ್ಲ.

ಹಸಿರೂ ಕಂದೂ ಸೇರುವ ಅಂಚಿನಲ್ಲಿ ಕತ್ತರಿಸಿ. ರೋಗಕಾರಕ ಚುರುಕಾಗಿ ಮುಂದಕ್ಕೆ ಹಬ್ಬುತ್ತಿರುವುದು ಅಲ್ಲೇ. 5 ಮಿ.ಮೀ. ತುಂಡು ಸಾಕು. 1% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದು ನಿಮಿಷ ಅದ್ದಿ, ಕ್ರಿಮಿರಹಿತ ನೀರಲ್ಲಿ ಮೂರು ಸಲ ತೊಳೆದು, ಒತ್ತಿ ಒಣಗಿಸಿ, ಆಮೇಲೆ ಪಿಡಿಎ (ಆಲೂಗಡ್ಡೆ ಸಾರ, ಸಕ್ಕರೆ, ಅಗರ್ ಸೇರಿಸಿದ ಬೆಳೆಸುವ ಮಾಧ್ಯಮ) ಮೇಲಿಟ್ಟು 25 ಡಿಗ್ರಿಯಲ್ಲಿ ಬಿಡಿ. ತುಂಡಿನಿಂದ ಶಿಲೀಂಧ್ರದ ಎಳೆ ಹೊರಬಂದ ತಕ್ಷಣ ಅದರ ತುದಿಯನ್ನು ಬೇರೆ ಪ್ಲೇಟಿಗೆ ದಾಟಿಸಿ. ಬೂದಿರೋಗ, ತುಕ್ಕುರೋಗಕ್ಕೆ ಮಾತ್ರ ಈ ದಾರಿ ಬೇಡ. ಅವು ಜೀವಂತ ಗಿಡದ ಮೇಲೇ ಬದುಕುವಂಥವು, ಎಲೆಯಿಂದಲೇ ನೇರವಾಗಿ ಸ್ಲೈಡ್ ಮಾಡಿ.

ಈಗ ಬೀಜಕಣ ನೋಡಿ. ಪ್ಲೇಟಿನಲ್ಲಿ ಹರಡಿದ ಕಾಲೊನಿಯ ಬಣ್ಣ ನಂಬಬೇಡಿ, ಬೆಳಕು, ವಯಸ್ಸು, ಮಾಧ್ಯಮ ಬದಲಾದರೆ ಅದೂ ಬದಲಾಗುತ್ತದೆ. ಸೆಲೋಟೇಪ್ ಅದರ ಮೇಲೆ ಮೆಲ್ಲಗೆ ಒತ್ತಿ ತೆಗೆದು, ಶಿಲೀಂಧ್ರಕ್ಕೆ ನೀಲಿ ಬಣ್ಣ ಕೊಡುವ ಲ್ಯಾಕ್ಟೋಫೀನಾಲ್ ಕಾಟನ್ ಬ್ಲೂ ಹನಿಯ ಮೇಲಿಟ್ಟು 400 ಪಟ್ಟು ದೊಡ್ಡದು ಮಾಡಿ ನೋಡಿ. ಆಲ್ಟರ್ನೇರಿಯಾ ಸಿಕ್ಕರೆ ಗುರುತು ಹಿಡಿಯುವುದು ಸುಲಭ: ಕಂದು ಬಣ್ಣ, ಅಡ್ಡಕ್ಕೂ ಉದ್ದಕ್ಕೂ ಗೋಡೆ, ತುದಿಯಲ್ಲಿ ಕೊಕ್ಕು. ಫ್ಯುಸೇರಿಯಂನದು ಕುಡುಗೋಲಿನಂತೆ ಬಾಗಿರುತ್ತದೆ. ಅದರ ಪಕ್ಕ ಸಣ್ಣ ಕಣಗಳೂ ಇರಬಹುದು, ಅವನ್ನೇ ನೋಡಿ ಬೇರೆ ಶಿಲೀಂಧ್ರ ಅಂದುಕೊಳ್ಳಬೇಡಿ. ಭತ್ತದ ಬೆಂಕಿರೋಗದ ಕಣ ಪೇರಳೆ ಕಾಯಿಯ ಆಕಾರ, ಮೂರು ಕೋಶ. ರೈಜೋಕ್ಟೋನಿಯಾ ಎಷ್ಟು ದಿನ ಕಾದರೂ ಇಂಥ ಕಣ ಕೊಡುವುದಿಲ್ಲ! ಅಲ್ಲಿ ಎಳೆಯನ್ನೇ ಓದಬೇಕು: ಕವಲು ಹೆಚ್ಚುಕಡಿಮೆ ಲಂಬಕೋನದಲ್ಲಿ ಒಡೆಯುತ್ತದೆ, ಒಡೆದ ಜಾಗ ಸೊಂಟದಂತೆ ಸಣ್ಣಗಾಗುತ್ತದೆ, ಅದರ ಸ್ವಲ್ಪ ಆಚೆಗೆ ಒಂದು ಅಡ್ಡಗೋಡೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಮರೆಯೋದೇ ಇಲ್ಲ.

ಎಳೆಯಲ್ಲಿ ಅಡ್ಡಗೋಡೆಯೇ ಕಾಣದಿದ್ದರೆ ಫೈಟಾಫ್ತೊರಾ, ಪಿಥಿಯಂ ಇರಬಹುದೇ ಅಂತ ಯೋಚಿಸಿ. ಅವು ನಿಜವಾದ ಶಿಲೀಂಧ್ರಗಳಲ್ಲ, ಊಮೈಸೀಟ್‌ಗಳು, ಅಂದರೆ ನೋಡಲು ಶಿಲೀಂಧ್ರದಂತಿರುವ ಬೇರೆ ಗುಂಪಿನ ಜೀವಿಗಳು. ಇದು ಸುಮ್ನೆ ಪುಸ್ತಕದ ವ್ಯತ್ಯಾಸ ಅಲ್ಲ, ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಗುರುತು ತಪ್ಪಿದರೆ ಔಷಧಿಯೂ ತಪ್ಪಿತು, ಅಲ್ವಾ?

ಕುಲ ಗೊತ್ತಾದರೂ ಜಾತಿ ಹೇಳಲು ಡಿಎನ್‌ಎ ಬೇಕಾಗಬಹುದು. ಫ್ಯುಸೇರಿಯಂಗೆ ಐಟಿಎಸ್ (ಶಿಲೀಂಧ್ರ ಗುರುತಿಸಲು ಸಾಮಾನ್ಯವಾಗಿ ಓದುವ ಡಿಎನ್‌ಎ ಭಾಗ) ಒಂದೇ ಸಾಲದು, ಟಿಇಎಫ್1 ಅನ್ನೋ ಜೀನ್ ಕೂಡ ನೋಡಿ. ಅದಾದ ಮೇಲೂ ಆರೋಗ್ಯವಾಗಿರುವ ಗಿಡಕ್ಕೆ ಅದೇ ಶಿಲೀಂಧ್ರ ಹಾಕಿ, ಪಕ್ಕದ ಗಿಡಕ್ಕೆ ಬರೀ ನೀರು ಸಿಂಪಡಿಸಿ ಕಾಯಿರಿ. ಮೊದಲನೆಯದರಲ್ಲಿ ಮಾತ್ರ ಅದೇ ಚುಕ್ಕೆ ಬಂದು, ಅದರ ಅಂಚಿನಿಂದ ಅದೇ ಶಿಲೀಂಧ್ರ ಮತ್ತೆ ಸಿಕ್ಕಿದ ಮೇಲೆ ಹೆಸರು ಬರೆಯಿರಿ.