ಕೊಡಗಿನ ಕಾಡಿನ ಫಲಾನುಭವಿ ಯಾರು?

ಪ್ರಶ್ನೆ: ಕಾಡಿನಿಂದ ವರ್ಷಕ್ಕೆ ಇಷ್ಟು ಸಾವಿರ ಕೋಟಿ ರೂಪಾಯಿ ಲಾಭ ಎಂಬ ವರದಿಗಳನ್ನು ಓದುತ್ತಿರುತ್ತೇವೆ. ಆ ಲಾಭ ನಿಜಕ್ಕೂ ಯಾರಿಗೆ ಸೇರುತ್ತದೆ ಎಂದು ಲೆಕ್ಕ ಹಾಕಲು ಬರುತ್ತದೆಯೇ?

ಉತ್ತರ: ಬರುತ್ತದೆ. ಆದರೆ ಕೋಟಿಗಳ ಲೆಕ್ಕ ಕೊಡುವವರು ಸಾಮಾನ್ಯವಾಗಿ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕಾನ್‌ಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಪರಿಸರ ಸೇವೆಗಳಿಗೆ, ಅಂದರೆ ಪ್ರಕೃತಿಯಿಂದ ಮನುಷ್ಯರಿಗೆ ಸಿಗುವ ಉಪಯೋಗಗಳಿಗೆ, ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆ ಕಟ್ಟಿದರು. ಕಾಡು, ಜೌಗು, ಹುಲ್ಲುಗಾವಲು ಎಂದು ವಿಂಗಡಿಸಿ, ಹೆಕ್ಟೇರಿಗೆ ಇಷ್ಟು ಎಂದು ದರ ಹಾಕಿ, ವಿಸ್ತೀರ್ಣದಿಂದ ಗುಣಿಸುವುದು ವಿಧಾನ. ಜಗತ್ತು ತಲೆಯೆತ್ತಿ ನೋಡುವಂತೆ ಮಾಡಿದ ಸಂಖ್ಯೆ ಅದು. ಯಾರಿಗೆ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಜಾಗವಿಲ್ಲ.

ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಶುರುವಾದ 'ಏರೀಸ್' ಎಂಬ ಕಂಪ್ಯೂಟರ್ ಮಾದರಿ ಬೇರೆ ದಾರಿ ಹಿಡಿಯಿತು. ಸೇವೆ ಹುಟ್ಟುವ ಜಾಗ, ಬಳಸುವವರು ಇರುವ ಜಾಗ, ನಡುವೆ ಅದು ಕರಗಿಹೋಗುವ ಜಾಗ, ಈ ಮೂರಕ್ಕೂ ಅದು ಬೇರೆ ಬೇರೆ ನಕ್ಷೆ ಬರೆದು, ಇವನ್ನು ಜೋಡಿಸುವ ಹರಿವನ್ನು ಹಿಂಬಾಲಿಸುತ್ತದೆ.

ಇದನ್ನು ಕಾವೇರಿಗೆ ಹಚ್ಚಿ ನೋಡೋಣ. ಕೊಡಗಿಗೆ ಮಳೆ ತರುವುದು ಮುಂಗಾರು ಮಾರುತ. ಆ ನೀರನ್ನು ಇಂಗಿಸಿಕೊಂಡು ನಿಧಾನವಾಗಿ ಬಿಡುವುದು, ಹೂಳನ್ನು ತಡೆಯುವುದು ಕಾಡಿನ ಪಾಲಿನ ಕೆಲಸ. ಮರಗಳೂ ನೀರು ಕುಡಿಯುತ್ತವೆ ಎಂಬುದನ್ನು ನಾವು ಕಾಡಿನ ಮೇಲಿನ ಪ್ರೀತಿಯಲ್ಲಿ ಮರೆಯುತ್ತೇವೆ. ಹಾಗಾಗಿ ನದಿಯ ಅಷ್ಟೂ ನೀರನ್ನು ಕಾಡಿನ ಖಾತೆಗೆ ಬರೆಯುವಂತಿಲ್ಲ. ಕಾಡು ಇದ್ದಾಗಿನ ಹರಿವಿಗೂ ಇಲ್ಲದಾಗಿನ ಹರಿವಿಗೂ ಇರುವ ವ್ಯತ್ಯಾಸವೇ ಅದರ ಸೇವೆ.

ಈ ನೀರು ಕೃಷ್ಣರಾಜಸಾಗರಕ್ಕೆ ಬಂದು, ಒಂದಷ್ಟು ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯದ ಗದ್ದೆಗಳಿಗೆ ಹೋಗುತ್ತದೆ, ಒಂದಷ್ಟು ಆವಿಯಾಗುತ್ತದೆ. ಕೆಳಗೆ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾದ ನೀರನ್ನು ಪಂಪುಗಳು ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಏರಿಸುತ್ತವೆ. ನೀರು ತಗ್ಗಿಗೆ ಹರಿಯುತ್ತದೆ ಎಂಬ ನಿಯಮವನ್ನಷ್ಟೇ ನಂಬಿದ ಮಾದರಿಗೆ ಬೆಂಗಳೂರಿನ ಈ ನಲ್ಲಿಗಳು ಕಾಣುವುದೇ ಇಲ್ಲ.

ಇದು ಬರೀ ಪಂಡಿತರ ತಕರಾರಲ್ಲ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂಬ ಕಾರಣಕ್ಕೆ ಕಾವೇರಿ ನ್ಯಾಯಮಂಡಳಿ ನಗರದ ಕುಡಿಯುವ ನೀರಿನ ಲೆಕ್ಕವನ್ನು ಇಳಿಸಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿ ಅಡಿ ನೀರಿನಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಹೆಸರಿಗೇ ಬರೆಯಿತು. ಕಣಿವೆಯ ಗಡಿ ಒಂದು, ಫಲಾನುಭವಿಗಳ ಗಡಿ ಇನ್ನೊಂದು ಎಂದು ನ್ಯಾಯಾಲಯವೇ ಒಪ್ಪಿದಂತಾಯಿತು.

ದಾರಿ ಅಲ್ಲಿಗೂ ಮುಗಿಯಲಿಲ್ಲ. ಅದೇ ವರ್ಷ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಕೋಲಾರ ಕಾವೇರಿ ಕಣಿವೆಯಲ್ಲಿಲ್ಲ. ಆದರೂ ಅಲ್ಲಿನ ಕೆರೆ ಏರಿಯ ಕೆಳಗಿನ ರೈತರ ಕೊಳವೆಬಾವಿಯಲ್ಲಿ ಕೊಡಗಿನ ಒಂದು ಅಂಶ ಸೇರಿರುತ್ತದೆ, ನೀರಿನ ಗುಣಮಟ್ಟದ ಕುರಿತ ಜಗಳಗಳ ಸಮೇತ.

ಎಲ್ಲ ಸೇವೆಗಳೂ ಹೀಗೆ ದೂರ ಹೋಗುವುದಿಲ್ಲ. ರೋಬಸ್ಟಾ ಕಾಫಿಯ ಹೂವು ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಕೊಡಗಿನಲ್ಲಿ ಅದನ್ನು ತರುವವರಲ್ಲಿ ಹೆಜ್ಜೇನಿಗೆ ದೊಡ್ಡ ಪಾಲು. ದೇವರಕಾಡಿನ ಎತ್ತರದ ಮರದಲ್ಲಿ ಗೂಡು ಕಟ್ಟಿದ ಜೇನಿನ ಸೇವೆ ಅದು ಹಾರಬಲ್ಲಷ್ಟು ದೂರದ ತೋಟಗಳಿಗೆ ಮಾತ್ರ, ಅದೂ ಹೂಮಳೆಯ ನಂತರದ ಕೆಲವೇ ದಿನ. ಮರ ಹೀರಿದ ಇಂಗಾಲದ ಫಲವಾದರೋ ಇಡೀ ಭೂಮಿಗೆ. ಒಂದೇ ಮರದ ಮೂರು ಸೇವೆಗಳಿಗೆ ಮೂರು ಬಗೆಯ ಫಲಾನುಭವಿಗಳು. ಮೂರನ್ನೂ ಒಂದೇ ರೂಪಾಯಿ ಮೊತ್ತಕ್ಕೆ ಕೂಡಿಸಿದ ತಕ್ಷಣ ಈ ಭೇದ ಅಳಿಸಿಹೋಗುತ್ತದೆ.

ಮಾದರಿಯ ದುರ್ಬಲ ಜಾಗವಿರುವುದು ಕಾಡಿನ ಕಡೆಯಲ್ಲ, ಊರಿನ ಕಡೆ. ಕಾಡಿನ ಹೊದಿಕೆಯನ್ನು ಉಪಗ್ರಹ ತೋರಿಸುತ್ತದೆ; ಯಾವ ಮನೆಗೆ ಕಾವೇರಿ, ಯಾವುದಕ್ಕೆ ಟ್ಯಾಂಕರ್ ಎಂಬುದನ್ನು ತೋರಿಸುವುದಿಲ್ಲ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ, ನಗರದ ಅಂಚಿನ 110 ಹಳ್ಳಿಗಳಿಗಾಗಿ ರೂಪಿಸಿದ್ದು. ಕಾಡು ಒಂದು ಎಕರೆಯೂ ಬೆಳೆಯದೆ ಫಲಾನುಭವಿಗಳ ನಕ್ಷೆ ಹಿಗ್ಗಿತು. ಅದಕ್ಕೂ ಮೊದಲು ತಯಾರಾದ ಲೆಕ್ಕವನ್ನು ಯಾರಾದರೂ ಇಂದು ತೋರಿಸಿದರೆ, ಮೊದಲು ಅದರ ಕೊಳವೆ ನಕ್ಷೆ ಯಾವ ವರ್ಷದ್ದೆಂದು ಕೇಳಿ.