ದೀರ್ಘ ಅಂದರೆ ಎಷ್ಟು ಹೊತ್ತು?

ವಿಜಯಪುರ ಕಡೆಯ ಎರಡನೇ ತರಗತಿಯ ನೋಟ್‌ಬುಕ್ಕೊಂದರಲ್ಲಿ ಓದಿದ ಸಾಲು: ‘ನಮ್ಮ ಹೊಲದಲ್ಲಿ ತೊಗರಿ ಬೇಳೆ ಚೆನ್ನಾಗಿ ಬಂದಿದೆ.’ ಹೊಲದಲ್ಲಿ ನಿಂತಿರುವುದು ಬೆಳೆ, ಗಡಿಗೆಯಲ್ಲಿ ಬೇಯುವುದು ಬೇಳೆ. ನಡುವೆ ಇರುವುದು ಒಂದೇ ಮಾತ್ರೆ.

ಮಾತ್ರೆ ಎಂದರೆ ಉಚ್ಚಾರಣೆಗೆ ಹಿಡಿಯುವ ಹೊತ್ತಿನ ಅಳತೆ. (ನುಂಗುವುದಕ್ಕೆ ನಮ್ಮ ಕಡೆ ಗುಳಿಗಿ ಅನ್ನುವುದರಿಂದ ಮಕ್ಕಳಿಗೆ ಗೊಂದಲವಾಗದು.) ಒಂದು ಮಾತ್ರೆಯಲ್ಲಿ ಮುಗಿಯುವ ಅ, ಇ, ಉ, ಋ, ಎ, ಒ ಹ್ರಸ್ವ. ಎರಡು ಮಾತ್ರೆ ಹಿಡಿಯುವ ಆ, ಈ, ಊ, ಏ, ಓ ದೀರ್ಘ; ಐ, ಔ ಕೂಡ ಎರಡು ಮಾತ್ರೆಯವೇ. ಇನ್ನೂ ಎಳೆದರೆ ಪ್ಲುತ. ಓಣಿಯ ತುದಿಯಿಂದ ‘ಯವ್ವಾ...’ ಎಂದು ಕರೆಯುವಾಗ ಬರುವುದು ಅದೇ. ಪಾಣಿನಿ ಈ ಮೂರನ್ನೂ ಉಕಾರದಿಂದ ತೋರಿಸಿದ್ದಾನೆ. ಅದನ್ನು ಕೋಳಿಯ ಕೂಗಿನಿಂದ ವಿವರಿಸುವ ರೂಢಿಯಿದೆ. ಮಕ್ಕಳಿಂದ ಕೋಳಿ ಕೂಗಿಸಿ ನೋಡಿ, ಮೂರೂ ಅಳತೆ ಅಲ್ಲೇ ಸಿಗುತ್ತವೆ.

ಶಾಲೆಯಲ್ಲಿ ದೀರ್ಘ ಕಣ್ಣಿಗೆ ಮೊದಲು ಬೀಳುತ್ತದೆ, ಕಿವಿಗೆ ಆಮೇಲೆ. ‘ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ’ ಎಂದು ಕಾಗುಣಿತ ಒಪ್ಪಿಸುವ ಮಗುವಿಗೆ ದೀರ್ಘವೆಂದರೆ ಅಕ್ಷರದ ಬದಿಗೆ ಎಳೆಯುವ ಬಾಲ. ‘ಸಣ್ಣ ಇ, ದೊಡ್ಡ ಈ’ ಎಂದು ಹೇಳಿಕೊಟ್ಟರಂತೂ ದೊಡ್ಡದನ್ನು ಜೋರಾಗಿ ಕೂಗುತ್ತವೆ. ಜೋರು ಬೇರೆ, ಉದ್ದ ಬೇರೆ. ಪಿಸುಗುಟ್ಟಿದರೂ ‘ಈ’ಗೆ ಎರಡು ಮಾತ್ರೆಯೇ.

ಎಲ್ಲಕ್ಕಿಂತ ಕಷ್ಟದ ಜಾಗ ಹಾಲು–ಹಲ್ಲು, ಕಾಲು–ಕಲ್ಲು. ಚಪ್ಪಾಳೆ ತಟ್ಟಿ ಎಣಿಸುವ ಉಪಾಯ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಎರಡನ್ನೂ ಹೇಳಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಛಂದಸ್ಸಿನಲ್ಲೂ ಎರಡರ ಮೊದಲ ಅಕ್ಷರ ಗುರುವೇ. ಆದರೆ ‘ಹಲ್ಲು’ ಎನ್ನುವಾಗ ಹ ಹ್ರಸ್ವವಾಗಿಯೇ ಇದ್ದು, ಹೊತ್ತೆಲ್ಲ ಒತ್ತಕ್ಷರಕ್ಕೆ ಹೋಗುತ್ತದೆ. ಹಾಗಾಗಿ ಮಗುವನ್ನು ಕೇಳಬೇಕಾದದ್ದು ‘ಎಷ್ಟು ಹೊತ್ತು?’ ಎಂದಲ್ಲ, ‘ಎಲ್ಲಿ ನಿಂತಿ?’ ಎಂದು. ಹಾಲಿನಲ್ಲಿ ಬಾಯಿ ತೆರೆದೇ ನಿಲ್ಲುತ್ತದೆ, ಹಲ್ಲಿನಲ್ಲಿ ನಾಲಿಗೆ ಮೇಲಕ್ಕೆ ಅಂಟಿ ನಿಲ್ಲುತ್ತದೆ. ಕನ್ನಡಿ ಮುಂದೆ ಹೇಳಿಸಿದರೆ ಮಗುವೇ ಕಂಡುಕೊಳ್ಳುತ್ತದೆ.

ಬೇಳೆ ಬರೆದ ಮಗುವಿನ ಕಿವಿಯಲ್ಲಿ ಐಬಿಲ್ಲ. ಮನೆಯಲ್ಲಿ ಅದು ಬೆಳಿ, ಬ್ಯಾಳಿ ಎಂದು ಎರಡನ್ನೂ ಚೊಕ್ಕವಾಗಿ ಬೇರೆ ಮಾಡಿಯೇ ಆಡುತ್ತದೆ. ಹೊಳಿಗೆ ಹೋಗುವುದು, ಹೋಳಿ ಆಡುವುದು ಅದಕ್ಕೆ ಎಂದೂ ಕಲೆತಿಲ್ಲ. ನಮ್ಮ ಆಡುಮಾತಿನಲ್ಲಿ ಏ ಎಷ್ಟೋ ಕಡೆ ಯಾ ಆಗುತ್ತದೆ, ಓ ವಾ ಆಗುತ್ತದೆ: ಪೇಟೆ ಪ್ಯಾಟಿ, ಬೇಸಿಗೆ ಬ್ಯಾಸಿಗಿ, ಗೋಡೆ ಗ್ವಾಡಿ. ಸ್ವರ ಬದಲಾದರೂ ಉದ್ದ ಹಾಗೇ ಉಳಿದಿದೆ. ‘ಬ್ಯಾಳಿ ಅನ್ನಬ್ಯಾಡ’ ಎಂದು ಗದರಿಸುವವರು ಮಗುವಿನ ಕೈಯಲ್ಲಿರುವ ಅಳತೆಗೋಲನ್ನೇ ಕಸಿಯುತ್ತಾರೆ. ಅದರ ಬದಲು ‘ನೀ ಬ್ಯಾ ಅಂತ ಎಳೀತಿಯಲ್ಲ, ಪುಸ್ತಕದಾಗ ಅಲ್ಲಿ ಬೇ ಬರಿ’ ಅಂದರೆ ದಾರಿ ಸಿಕ್ಕೀತು.

ಬೆಳಗಾವಿಯಲ್ಲಿ ಮರಾಠಿ ಮನೆಮಾತಿನ ಮಕ್ಕಳಿಗೆ ತೊಡಕು ಬೇರೆ. ದೇವನಾಗರಿಯ ಮರಾಠಿಯಲ್ಲಿ ಎ–ಏ ಎರಡಕ್ಕೂ ಒಂದೇ ಅಕ್ಷರ, ಒ–ಓಕ್ಕೂ ಹಾಗೆಯೇ. ಪದದ ಕೊನೆಯ ಇಕಾರವನ್ನು ಅಲ್ಲಿ ಸಾಮಾನ್ಯವಾಗಿ ದೀರ್ಘವಾಗಿಯೇ ಬರೆಯುತ್ತಾರೆ. ಅಂಥ ಮಗು ‘ಗಾಡೀ’ ಎಂದು ಬರೆದರೆ ಕೆಂಪು ಗೆರೆ ಎಳೆಯುವ ಮೊದಲು, ಅದು ಮರಾಠಿಯ ಸರಿ ಕಾಗುಣಿತವೆಂದು ಒಪ್ಪಿ, ಪಕ್ಕದಲ್ಲಿ ಕನ್ನಡದ ‘ಗಾಡಿ’ ಬರೆದು ಎರಡನ್ನೂ ಗಟ್ಟಿಯಾಗಿ ಓದಿಸಿ.